ಹಳ್ಳದ ನೀರಿಂದ ಕರೆಂಟ್: ದುಡ್ಡು ಹಾಕುವುದಾದರೆ ಪೈಪಿಗೆ ಹಾಕಿ

ಮಲೆನಾಡಿನಲ್ಲಿ ಕರೆಂಟ್ ಕೈಕೊಡುವುದೇ ಮಳೆಗಾಲದಲ್ಲಿ. ಲೈನಿನ ಮೇಲೆ ಮರ ಬಿದ್ದರೆ ದಿನಗಟ್ಟಲೆ ಕತ್ತಲೆ. ಮೋಡ ಕವಿದು ಸೋಲಾರ್ ಕೂಡ ಸೊರಗುತ್ತದೆ. ಆದರೆ ಮನೆ ಹಿಂದಿನ ಹಳ್ಳ ಮಾತ್ರ ಹಗಲೂ ರಾತ್ರಿ ಸುರಿಯುತ್ತಿರುತ್ತದೆ. ಕಳಸ, ಶೃಂಗೇರಿ, ಕೊಪ್ಪದ ಕಡೆಯ ತೋಟದ ಮನೆಗಳಿಗೆ ಈ ನೀರಿನಲ್ಲಿ ಓಡುವ ಸಣ್ಣ ಟರ್ಬೈನ್ ಕೂರಿಸುವುದು ನನ್ನ ಕೆಲಸ.

"ಎಷ್ಟು ಕಿಲೋವ್ಯಾಟ್ ಹಾಕೋಣ?" ಅಂತಲೇ ಎಲ್ಲರೂ ಮಾತು ಶುರು ಮಾಡುತ್ತಾರೆ. ಅದನ್ನು ಹೇಳಬೇಕಾದ್ದು ನಾನಲ್ಲ, ಹಳ್ಳ. ನೀರು ಎಷ್ಟು ಎತ್ತರದಿಂದ ಇಳಿಯುತ್ತದೆ, ಸೆಕೆಂಡಿಗೆ ಎಷ್ಟು ಲೀಟರ್ ಬರುತ್ತದೆ, ಈ ಎರಡೇ ಲೆಕ್ಕ. ಲೀಟರನ್ನು ಮೀಟರಿನಿಂದ ಗುಣಿಸಿ, ಮತ್ತೆ 5ರಿಂದ ಗುಣಿಸಿದರೆ ಸಿಗುವ ವ್ಯಾಟ್ ಗೊತ್ತಾಗುತ್ತದೆ. ಪುಸ್ತಕದ ಲೆಕ್ಕದಲ್ಲಿ 5ರ ಬದಲು 9.8 ಇರುತ್ತದೆ. ಆದರೆ ಪೈಪು, ಚಕ್ರ, ಜನರೇಟರ್ ಸೇರಿ ಅರ್ಧದಷ್ಟು ತಿಂದುಬಿಡುತ್ತವೆ.

ಕಳಸದ ಹತ್ತಿರ ಒಬ್ಬರು ಗೌಡರು ಆಗಸ್ಟಿನಲ್ಲಿ ಕರೆಸಿದ್ದರು. ಹಳ್ಳ ಭೋರ್ಗರೆಯುತ್ತಿತ್ತು.

"ಇಷ್ಟೊಂದು ನೀರಿದೆ, 5 ಕಿಲೋವ್ಯಾಟಿಂದೇ ಹಾಕಿಬಿಡಿ ಮಾರಾಯ್ರೆ" ಅಂದರು.

"ಜನವರಿ ತನಕ ತಾಳಿ ಗೌಡ್ರೇ, ಆಮೇಲೆ ಮಾತಾಡೋಣ" ಅಂದೆ.

ಜನವರಿಯಲ್ಲಿ 20 ಲೀಟರ್ ಬಕೆಟ್ ಹಿಡಿದರೆ ತುಂಬಲು 8 ಸೆಕೆಂಡ್ ಬೇಕಾಯಿತು. ಅಂದರೆ ಸೆಕೆಂಡಿಗೆ ಎರಡೂವರೆ ಲೀಟರ್. ಮೇಲಿಂದ ಸಣ್ಣ ಪೈಪ್ ಎಳೆದು, ನೀರು ತುಂಬಿಸಿ, ಕೆಳಗಿನ ತುದಿಗೆ ಪ್ರೆಶರ್ ಗೇಜ್ ಹಾಕಿದೆ. 4 ಕೆಜಿ ಒತ್ತಡ ತೋರಿಸಿತು, ಹೆಚ್ಚುಕಡಿಮೆ 40 ಮೀಟರ್ ಎತ್ತರ. ಬರುವುದು 500 ವ್ಯಾಟ್. ಕಡಿಮೆ ಅನ್ನಿಸುತ್ತೆ ಅಲ್ವಾ? ಆದರೆ ಇದು 24 ಗಂಟೆಯೂ ಓಡುತ್ತದೆ, ದಿನಕ್ಕೆ 12 ಯೂನಿಟ್. ಒಳ್ಳೆ ಬಿಸಿಲಿದ್ದ ದಿನ 3 ಕಿಲೋವ್ಯಾಟ್ ಸೋಲಾರ್ ಕೊಡುವುದೂ ಸುಮಾರು ಅಷ್ಟೇ. ಕೊನೆಗೆ 1 ಕಿಲೋವ್ಯಾಟಿನ ಪೆಲ್ಟನ್ ಚಕ್ರಕ್ಕೆ, ಅಂದರೆ ನೀರು ಚಿಮ್ಮಿ ಬಡಿದಾಗ ತಿರುಗುವ ಬಟ್ಟಲುಗಳ ಚಕ್ರಕ್ಕೆ, ನೀರು ಚಿಮ್ಮಿಸುವ ಎರಡು ನಾಜಲ್ ಇಟ್ಟೆವು. ಮಳೆಗಾಲದಲ್ಲಿ ಎರಡೂ ತೆರೆದಿರುತ್ತವೆ, ನೀರು ಇಳಿದ ಮೇಲೆ ಒಂದೇ.

ಜನ ಚೌಕಾಸಿ ಮಾಡುವುದು ಪೈಪಿನಲ್ಲಿ. ಅಲ್ಲಿ ಮಾತ್ರ ನಾನು ಬಿಟ್ಟುಕೊಡುವುದಿಲ್ಲ. 400 ಮೀಟರ್ ಉದ್ದಕ್ಕೆ ಎರಡೂವರೆ ಇಂಚಿನ ಪೈಪ್ ಹಾಕಿ ಸೆಕೆಂಡಿಗೆ 5 ಲೀಟರ್ ಬಿಟ್ಟರೆ, ಸುಮಾರು 10 ಮೀಟರ್ ಎತ್ತರದ ಬಲ ಪೈಪಿನ ತಿಕ್ಕಾಟದಲ್ಲೇ ಹೋಗುತ್ತದೆ. 4 ಇಂಚಿನದಾದರೆ ಹೋಗುವುದು ಒಂದೂವರೆ ಮೀಟರ್ ಅಷ್ಟೇ. ಮಷಿನ್ ಎಷ್ಟೇ ಒಳ್ಳೆಯದಿರಲಿ, ದಾರಿಯಲ್ಲೇ ಕಳೆದುಹೋದ ಬಲವನ್ನು ವಾಪಸ್ ತರುವುದಿಲ್ಲ. ಉಳಿಸಲೇಬೇಕು ಅಂತಿದ್ದರೆ ಮೇಲಿನ ಭಾಗಕ್ಕೆ 4 ಕೆಜಿ ಒತ್ತಡ ತಡೆಯುವ ಪೈಪ್ ಹಾಕಿ, ಒತ್ತಡ ಜಾಸ್ತಿ ಇರುವ ಕೆಳಭಾಗಕ್ಕೆ 6 ಕೆಜಿಯದು. ವಾಲ್ವನ್ನು ನಿಧಾನ ತಿರುಗಿಸಲು ಮನೆಯವರಿಗೆಲ್ಲ ಹೇಳಿಕೊಡುತ್ತೇನೆ. ಪಟ್ಟನೆ ಮುಚ್ಚಿದರೆ ನೀರು ಒದ್ದು ಪೈಪ್ ಒಡೆಯುತ್ತದೆ.

ಇನ್ನು ದರಗಿನ ಕಾಟ. ಹಳ್ಳದ ನೀರನ್ನು ಪೈಪಿಗೆ ತಿರುಗಿಸುವ ಒಡ್ಡಿನ ಬಾಯಿಗೆ ಜಾಲರಿಯನ್ನು ಓರೆಯಾಗಿ ಕೂರಿಸಿದರೆ ಎಲೆಗಳು ತಾವಾಗಿಯೇ ಜಾರಿಹೋಗುತ್ತವೆ. ಆದರೂ ಜುಲೈ ಮಳೆಯಲ್ಲಿ, ಇಂಬಳ ಕಚ್ಚಿಸಿಕೊಂಡು, ಯಾರಾದರೂ ಮೇಲೆ ಹತ್ತಿ ನೋಡಲೇಬೇಕು. ಯಾರು ಹೋಗುತ್ತೀರಿ ಅಂತ ಮೊದಲೇ ಕೇಳುತ್ತೇನೆ. ಉತ್ತರ ಬರದ ಮನೆಗೆ ಟರ್ಬೈನ್ ಬೇಡ.

ಮನೆಯಲ್ಲಿ ದೀಪ ಆರಿಸಿದರೂ ಚಕ್ರ ನಿಲ್ಲುವುದಿಲ್ಲ, ಹೊರೆ ತಪ್ಪಿ ಇನ್ನೂ ಜೋರಾಗಿ ತಿರುಗುತ್ತದೆ. ಅದಕ್ಕೇ ಲೋಡ್ ಕಂಟ್ರೋಲರ್ ಬೇಕು. ಉಳಿದ ಕರೆಂಟನ್ನು ಅದು ಹೀಟರಿಗೆ ತಿರುಗಿಸುತ್ತದೆ. ಆ ಹೀಟರನ್ನು ನಾನು ಬಚ್ಚಲಿನ ನೀರಿಗೆ ಕೊಡುತ್ತೇನೆ. ಹೋಂಸ್ಟೇ ನಡೆಸುವವರಿಗೆ ಇದು ದೊಡ್ಡ ಲಾಭ, ನೀರು ಕಾಯಿಸಲು ಸುಡುವ ಸೌದೆ ಎಷ್ಟೋ ಉಳಿಯುತ್ತದೆ. ಜೊತೆಗೆ, ಮನೆಗೆ ಒಂದೋ ಲೈನಿನ ಕರೆಂಟ್ ಇಲ್ಲವೇ ನಮ್ಮ ಕರೆಂಟ್ ಮಾತ್ರ ಕೊಡುವ ಚೇಂಜ್‌ಓವರ್ ಸ್ವಿಚ್ ಹಾಕದೆ ನಾನು ಕೆಲಸ ಮುಗಿಸುವುದಿಲ್ಲ. ನಮ್ಮ ಕರೆಂಟ್ ಲೈನಿಗೆ ಹತ್ತಿದರೆ ಕಂಬದ ಮೇಲಿರುವ ಲೈನ್‌ಮನ್ ಪ್ರಾಣಕ್ಕೇ ಅಪಾಯ.

ಟರ್ಬೈನಿನಿಂದ ನೀರು ಖರ್ಚಾಗುವುದಿಲ್ಲ, ಪೂರ್ತಿ ಹಳ್ಳಕ್ಕೇ ವಾಪಸ್. ಆದರೂ ಒಡ್ಡು ಮತ್ತು ಟರ್ಬೈನ್ ನಡುವೆ ಹಳ್ಳ ಒಣಗಬಾರದು. ಅಲ್ಲಿ ಮೀನಿವೆ, ಪಕ್ಕದ ತೋಟದವರ ನೀರಿನ ಪೈಪೂ ಇರಬಹುದು. ಅವರನ್ನೂ ಕರೆದು, ಸ್ಥಳದಲ್ಲೇ ನಿಲ್ಲಿಸಿ ಮಾತಾಡಿದ ಮೇಲೆಯೇ ಒಡ್ಡಿಗೆ ಕೈ ಹಾಕುತ್ತೇನೆ.

ಫೆಬ್ರವರಿ ಹೊತ್ತಿಗೆ ಹೆಚ್ಚಿನ ಹಳ್ಳಗಳು ಬತ್ತುತ್ತವೆ. ಅಲ್ಲಿಂದ ಮುಂದೆ ಬಿಸಿಲು ಚೆನ್ನಾಗಿರುತ್ತದೆ, ಸೋಲಾರ್ ನೋಡಿಕೊಳ್ಳುತ್ತದೆ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ. ಎರಡನ್ನೂ ಇಟ್ಟುಕೊಳ್ಳಿ ಅನ್ನುತ್ತೇನೆ. ಟರ್ಬೈನ್ ನಿಂತ ಆ ತಿಂಗಳುಗಳಲ್ಲಿ ನಾನು ಹೋಗಿ ಬೇರಿಂಗಿಗೆ ಗ್ರೀಸ್ ಹಾಕಿ, ಮರಳಿಗೆ ಸವೆದ ನಾಜಲ್ ಬದಲಿಸಿ ಬರುತ್ತೇನೆ.