ಎರವಲು ವೀಣೆಯ ದಂಡಿ ಬಿಟ್ಟುಕೊಂಡಾಗ

ಟೀಚರ್ ತಮ್ಮ ವೀಣೆ ಕೊಡುವಾಗ ಒಂದೇ ಮಾತು ಹೇಳಿದ್ದರು: "ಬಿಸಿಲಿಗೆ ಇಡಬೇಡಪ್ಪ." ನಾನು ಇಟ್ಟೆ. ಏಪ್ರಿಲ್ ಮಧ್ಯಾಹ್ನ, ಕಾರಿನ ಹಿಂದಿನ ಸೀಟಿನಲ್ಲಿ, ಒಂದು ಮದುವೆ ಊಟ ಮುಗಿಸಿ ಬರುವಷ್ಟು ಹೊತ್ತು.

ಮೊದಲು ಕಣ್ಣಿಗೆ ಬಿದ್ದದ್ದು ಲೋಹದ ಮೆಟ್ಟಿಲುಗಳನ್ನು ಕೂರಿಸಿದ ಮೇಣ; ಹಾಗೆ ಕೂರಿಸುವುದಕ್ಕೆ ಮೇಳ ಕಟ್ಟುವುದು ಅನ್ನುತ್ತಾರೆ. ಎರಡು ಮೆಟ್ಟಿಲು ಒಂಚೂರು ವಾಲಿದ್ದವು. ಬಿರುಕು ಗೊತ್ತಾಗಲು ಇನ್ನೂ ಎರಡು ದಿನ ಬೇಕಾಯಿತು. ರಾತ್ರಿ ಶ್ರುತಿ ಮಾಡಿಟ್ಟರೆ ಬೆಳಗ್ಗೆ ಮೊದಲ ತಂತಿ ಸಾರಣಿ ಇಳಿದಿರುತ್ತಿತ್ತು. ತಂತಿ ಬಿಗಿಯುವ ಬಿರಡೆ ಜಾರುತ್ತಿದೆ ಅಂತ ಸೀಮೆಸುಣ್ಣ ಹಚ್ಚಿದೆ. ಆಮೇಲೆ ತಂತಿ ಒತ್ತಲು ಬೆರಳು ನೋಯತೊಡಗಿತು. ವೀಣೆ ಮಗುಚಿ ನೋಡಿದರೆ, ದಂಡಿ, ಅಂದರೆ ಉದ್ದನೆಯ ಕತ್ತು, ದುಂಡನೆಯ ಕೊಡಕ್ಕೆ ಸೇರುವ ಕಡೆ ಕೂದಲೆಳೆಯಂಥ ಗೆರೆ.

ಇದು ಒಂದೇ ಹಲಸಿನ ದಿಮ್ಮಿಯಲ್ಲಿ ಕಡೆದ ವೀಣೆ ಅಲ್ಲ. ಕೊಡ, ದಂಡಿ ಬೇರೆ ಬೇರೆ ಮಾಡಿ ಕೂಡಿಸಿದ್ದು. ತಂತಿಗಳು ದಂಡಿಯ ಮೇಲ್ಗಡೆಯಿಂದ ಎಳೆಯುತ್ತವೆ, ಅದಕ್ಕೇ ಕೂಡು ಬಾಯಿ ಬಿಡುವುದು ಕೆಳಗಡೆ. ಬಿರುಕು ಬರೀ ಪಾಲಿಶಿನದಾ, ಒಳಗಿನದಾ? ತಂತಿ ಬಿಗಿಯಿದ್ದಾಗ ಬಸ್ ಟಿಕೆಟಿನ ಮೂಲೆ ಸಲೀಸಾಗಿ ಒಳಗೆ ಹೋಯಿತು. ತಂತಿ ಸಡಿಲಿಸಿದ ಮೇಲೆ ಅದೇ ಟಿಕೆಟ್ಟು ಅಲ್ಲೇ ಕಚ್ಚಿಕೊಂಡಿತು. ಅನುಮಾನ ಉಳಿಯಲಿಲ್ಲ.

ಸಡಿಲಿಸುವಾಗ ಒಂದೊಂದೇ ತಂತಿಯನ್ನು ಪೂರ್ತಿ ಬಿಚ್ಚಲಿಲ್ಲ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಇಳಿಸುತ್ತಾ ಬಂದೆ. ತಂತಿಗಳನ್ನು ಹೊರುವ ಕುದುರೆ ಇದ್ದ ಜಾಗಕ್ಕೆ ಟೇಪು ಅಂಟಿಸಿ ಗುರುತು ಮಾಡಿದೆ. ಪೆನ್ಸಿಲ್ ಬೇಡ, ಬೇರೆಯವರ ಪಾಲಿಶು.

ಡ್ರಾಯರಿನಲ್ಲಿ ಕ್ಷಣದಲ್ಲಿ ಹಿಡಿಯುವ ಅಂಟು ಇತ್ತು. ಎರಡು ಹನಿ ಬಿಟ್ಟು ಸುಮ್ನೆ ಇದ್ದುಬಿಡೋಣ ಅನ್ನಿಸಿದ್ದು ಸುಳ್ಳಲ್ಲ. ಆದರೆ ಅದು ಒಳಗೆ ಇಳಿದರೆ ಮುಂದೆ ಯಾರೂ ಆ ಕೂಡನ್ನು ಸಲೀಸಾಗಿ ಬಿಚ್ಚಲಾರರು. ಹಾಗೆ ಮಾಡಲು ವೀಣೆ ನನ್ನದಾಗಿರಬೇಕಿತ್ತು. ಫೋನ್ ಮಾಡಿದೆ.

"ಟೀಚರ್, ದಂಡಿ ಬಿಟ್ಟುಕೊಂಡಿದೆ. ಕಾರಲ್ಲಿ ಇಟ್ಟಿದ್ದೆ."

ಸ್ವಲ್ಪ ಹೊತ್ತು ಸದ್ದಿಲ್ಲ. "ಕೊಡದ ಹತ್ರಾನಾ? ಅಲ್ಲಿ ಮೊದಲೇ ಒಂದ್ಸಲ ಅಂಟಿಸಿತ್ತು ಕಣೋ, ನಮ್ಮ ಯಜಮಾನ್ರು. ನೀನು ಮರಗೆಲಸ ಮಾಡ್ತೀಯಲ್ಲ, ಮಾಡು. ಆದ್ರೆ ವೀಣೆ ಮಾಡೋರನ್ನ ಕೇಳ್ಕೊಂಡು ಮಾಡು."

ದೊಡ್ಡಬಳ್ಳಾಪುರದ ಕಡೆ ಸಿಂಪಾಡಿಪುರದಲ್ಲಿ ವೀಣೆ ಮಾಡುವ ಮನೆಗಳಿವೆ. ಅಲ್ಲೊಬ್ಬ ಹಿರಿಯರು ಬಿರುಕಿಗೆ ಟಾರ್ಚ್ ಬಿಟ್ಟು, "ಬಿಳಿ ಗೋಂದು. ಬಿಸಿಗೆ ಮೆತ್ತಗಾಗಿದೆ. ಪೂರ್ತಿ ತೆಗೀರಿ, ಇದರ ಮೇಲೆ ಯಾವ ಅಂಟೂ ಹಿಡಿಯಲ್ಲ. ಸರೇಸು ಹಾಕಿ" ಅಂದರು. ಸರೇಸು ಅಂದರೆ ಪ್ರಾಣಿಯ ಚರ್ಮದಿಂದ ಮಾಡುವ ಅಂಟು.

ಹಳೇ ಗೋಂದು ತೆಗೆಯಲು ಎರಡು ಸಂಜೆ ಹಿಡಿಯಿತು. ಹಳೇ ಎಕ್ಸ್‌ರೇ ಫಿಲಂ ಸಣ್ಣ ಪಟ್ಟಿಯಾಗಿ ಕತ್ತರಿಸಿ, ಬೆಚ್ಚಗಿನ ನೀರು ತಾಕಿಸಿ, ಒಳಗೆ ಆಡಿಸಿದರೆ ಬಿಳೀ ಕೆನೆಯಂತೆ ಬರುತ್ತಿತ್ತು. ಆಮೇಲೆ ಎರಡು ದಿನ ಒಣಗಲು ಬಿಟ್ಟೆ. ಸರೇಸಿನ ಚೂರುಗಳನ್ನು ರಾತ್ರಿ ನೆನೆಸಿ, ಬೆಳಗ್ಗೆ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿದೆ. ಕುದಿಸಿದರೆ ಅದರ ಬಲ ಹೋಗುತ್ತದೆ. ಪೂಜೆಗಿಡುವ ವೀಣೆಗೆ ಚರ್ಮದ ಅಂಟಾ ಅಂತ ಅಮ್ಮ ಮೂಗು ಮುರಿದರು. ವಾಸನೆಗೆ ನಾನೂ ಮುರಿದೆ.

ಸರೇಸು ಬೇಗ ಗಟ್ಟಿಯಾಗುತ್ತದೆ, ಹಾಗಾಗಿ ಅಂಟಿಲ್ಲದೆ ಒಮ್ಮೆ ಪೂರ್ತಿ ಕಟ್ಟಿ ಬಿಚ್ಚಿ ಅಭ್ಯಾಸ ಮಾಡಿಕೊಂಡಿದ್ದೆ. ಕೆಳಗಿನಿಂದ ಹೇರ್ ಡ್ರೈಯರ್ ಅರ್ಧ ನಿಮಿಷ ಮಾತ್ರ, ಇಲ್ಲದಿದ್ದರೆ ಮತ್ತೆ ಮೇಣದ ಕತೆ. ದಂಡಿಯ ತುದಿಯ ಯಾಳಿಮುಖದ ಕಡೆ ತಮ್ಮ ಸ್ವಲ್ಪ ಎತ್ತಿ ಹಿಡಿದ, ಬಿರುಕು ಬಾಯಿ ತೆರೆಯಿತು. ಫಿಲಂ ಪಟ್ಟಿಯಲ್ಲಿ ಅಂಟು ತಳ್ಳಿದೆ. ಅವನು ಇಳಿಸಿದ ತಕ್ಷಣ ಸುತ್ತಲೂ ಅಂಟು ಸಣ್ಣ ಮಣಿಗಳಂತೆ ಹೊರಬಂತು. ಅದು ನೋಡಿದ ಮೇಲೇ ಉಸಿರು ಬಿಟ್ಟೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ಎರಡು ಮರದ ಪಟ್ಟಿ ಕೊಟ್ಟು, ಸೈಕಲ್ ಟ್ಯೂಬ್ ಎಳೆದು ಬಿಗಿದೆ.

ಮೂರು ದಿನ ಮುಟ್ಟಲಿಲ್ಲ. ಶ್ರುತಿ ಏರಿಸಲು ಒಂದು ವಾರ ತಗೊಂಡೆ. ಟಿಕೆಟ್ಟು ಒಳಗೆ ಹೋಗಲಿಲ್ಲ.

ವೀಣೆ ವಾಪಸ್ ಕೊಟ್ಟಾಗ ಟೀಚರ್ ಮೊದಲು ಅದನ್ನು ಮಗುಚಿ, ಕೂಡಿನ ಮೇಲೆ ಉಗುರು ಎಳೆದರು. ಆಮೇಲೆ ತಿರುಗಿಸಿ ಮೇಲಿನ ಮೆಟ್ಟಿಲುಗಳನ್ನು ಮೀಟಿದರು. ಅವರ ಮುಖ ಸಣ್ಣದಾಯಿತು.

"ಮೇಳ ಯಾವಾಗ ಕಟ್ಟಿಸಿಕೊಡ್ತೀಯ?"