ಪರಿಚಯವಿಲ್ಲದ ದೇವಾಲಯಗಳಲ್ಲಿ ಒಂದು ವರ್ಷ: ನನ್ನ ಅನುಭವ

ಮಂಗಳೂರು ಕಡೆಯ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ ಎಂಬ ಪ್ರೊಟೆಸ್ಟಂಟ್ ಕ್ರೈಸ್ತ ಸಭೆ) ಪಂಗಡದ ಸಭೆಯೊಂದರಲ್ಲಿ ನಾನು ಏಳು ವರ್ಷ ಖಜಾಂಚಿಯಾಗಿದ್ದೆ. ಕಾಣಿಕೆಯ ಗೀತೆ ಹಾಡುವಾಗ ನನ್ನ ಕಣ್ಣು ಕಾಣಿಕೆಯ ಚೀಲದ ಮೇಲಿರುತ್ತಿತ್ತು. ಕಡೆಯ ಆಶೀರ್ವಾದ ಮುಗಿಯುವ ಮೊದಲೇ ಮನಸ್ಸು ಒಳಕೋಣೆಯ ಮೇಜಿಗೆ ಹೋಗಿ ನೋಟು ಎಣಿಸುತ್ತಿತ್ತು. ಪಾಪದ ಅರಿಕೆಯಿಂದ ಕರ್ತನ ಪ್ರಾರ್ಥನೆಯವರೆಗೆ ಆರಾಧನಾ ಕ್ರಮವೆಲ್ಲ ಬಾಯಿಪಾಠವಾಗಿದ್ದುದರಿಂದ ತುಟಿಗಳು ತಮ್ಮ ಪಾಡಿಗೆ ಆಡುತ್ತಿದ್ದವು. ಒಂದು ಭಾನುವಾರ, ಯೇಸುವಿನ ಕಡೆಯ ಊಟವನ್ನು ನೆನೆದು ಸ್ವೀಕರಿಸುವ ಕರ್ತನ ಭೋಜನದ ರೊಟ್ಟಿಯನ್ನು ಅಂಗೈಯಲ್ಲಿ ಹಿಡಿದಿದ್ದಾಗಲೂ ನಾನು ಛಾವಣಿ ದುರಸ್ತಿಯ ಬಾಕಿ ಬಿಲ್ಲನ್ನೇ ಯೋಚಿಸುತ್ತಿದ್ದೇನೆಂದು ಅರಿವಾಗಿ, ನನಗೆ ನಿಜವಾಗಿಯೂ ಭಯವಾಯಿತು.

ಸಭಾಪಾಲಕರಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡೆ. ಸಭೆಯನ್ನು ಬಿಡುವ ಯೋಚನೆ ನನಗಿರಲಿಲ್ಲ. ತಿಂಗಳಿಗೊಂದು ಭಾನುವಾರ, ಯಾರೂ ನನ್ನನ್ನು ಅರಿಯದ, ಆರಾಧನೆಯ ಮುಂದಿನ ಮಾತು ಯಾವುದೆಂದು ನನಗೂ ತಿಳಿಯದ ಒಂದು ದೇವಾಲಯದಲ್ಲಿ ಕುಳಿತು ಬರಲು ಅನುಮತಿ ಕೇಳಿದೆ. ಅವರು ಒಪ್ಪಿದರು.

ಮೊದಲಿಗೆ ಹೆಸರಾಂತ ಕಟ್ಟಡಗಳನ್ನೇ ಆರಿಸಿಕೊಂಡದ್ದು ನನ್ನ ತಪ್ಪು. ಸಂತ ಅಲೋಶಿಯಸ್ ಕಾಲೇಜಿನ ಚಾಪೆಲಿನಲ್ಲಿ, ಇಟಲಿಯ ಜೆಸ್ವಿಟ್ ಎಂಬ ಕಥೋಲಿಕ ಸಂನ್ಯಾಸಿ ಸಂಘದ ಸಹೋದರ ಅಂತೋನಿಯೊ ಮೊಸ್ಕೇನಿ ಅವರು 1899ರಿಂದ 1901ರ ನಡುವೆ ಗೋಡೆ ಮತ್ತು ಛಾವಣಿಯ ತುಂಬ ಬಿಡಿಸಿದ ಚಿತ್ರಗಳನ್ನು ಕತ್ತೆತ್ತಿ ನೋಡುತ್ತ ಒಂದು ಗಂಟೆ ಕಳೆದೆ. ಪ್ರಾರ್ಥನೆ ಮಾತ್ರ ಹುಟ್ಟಲಿಲ್ಲ. ನಾನು ಅಲ್ಲಿಗೆ ಪ್ರವಾಸಿಯಾಗಿ ಹೋಗಿದ್ದೆನೇ ಹೊರತು ಆರಾಧಕನಾಗಿ ಅಲ್ಲ. ಆ ಬಳಿಕ ಕೆಲವು ನಿಯಮಗಳನ್ನು ಹಾಕಿಕೊಂಡೆ. ಆರಾಧನೆ ನಡೆಯುವ ಹೊತ್ತಿಗೇ ಹೋಗಬೇಕು, ಕಾಲು ಗಂಟೆ ಮುಂಚೆ ಕುಳಿತಿರಬೇಕು, ಫೋಟೊ ತೆಗೆಯಬಾರದು, ಹಿಂದಿರುಗುವ ದಾರಿಯಲ್ಲಿ ನಮ್ಮ ಸಭೆಯೊಂದಿಗೆ ತೂಗಿ ನೋಡಬಾರದು. ಕಥೋಲಿಕ ಮತ್ತು ಆರ್ಥೊಡಾಕ್ಸ್ ದೇವಾಲಯಗಳಲ್ಲಿ ನಮ್ಮಂಥವರಿಗೆ ಪರಮಪ್ರಸಾದ (ಅಲ್ಲಿನ ಕರ್ತನ ಭೋಜನ) ಸ್ವೀಕರಿಸಲು ಅವಕಾಶವಿಲ್ಲವಾದ್ದರಿಂದ, ಜನರು ಸಾಲಾಗಿ ಮುಂದೆ ಹೋಗುವಾಗ ನಾನು ಬೆಂಚಿನಲ್ಲೇ ಉಳಿಯುತ್ತಿದ್ದೆ. ಅಷ್ಟು ವರ್ಷ ಸಲೀಸಾಗಿ ಕೈಗೆ ಬಂದದ್ದಕ್ಕಾಗಿ ಹಸಿದು ಕುಳಿತುಕೊಳ್ಳುವುದು ನನಗೆ ಹೊಸದು, ಮತ್ತು ಅಗತ್ಯವಾಗಿತ್ತು.

ಪೆಂತೆಕೋಸ್ತ್ ಸಭೆಯೊಂದಕ್ಕೆ ಹೋಗಲು ಬಹಳ ಹಿಂಜರಿದಿದ್ದೆ. ಅಂಗಡಿಗಳ ಮೇಲಿನ ಬಾಡಿಗೆ ಹಾಲ್, ಪ್ಲಾಸ್ಟಿಕ್ ಕುರ್ಚಿಗಳು, ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಮಾಡುವ ಪ್ರಾರ್ಥನೆ. ಸಾಕ್ಷಿ ಹೇಳುವ ಸಮಯದಲ್ಲಿ ಬೀಡಿ ಕಟ್ಟಿ ಬದುಕುವ ವಯಸ್ಸಾದ ತಾಯಿಯೊಬ್ಬರು ಎದ್ದು, ಆ ವಾರ ಕೆಲಸ ಕಡಿಮೆ ಸಿಕ್ಕಿದ್ದನ್ನು ತಿಳಿಸಿ, ಬಳಿಕ ಇಪ್ಪತ್ತಮೂರನೆಯ ಕೀರ್ತನೆಯನ್ನು ನಿಧಾನವಾಗಿ ಹೇಳಿದರು. "ಯೆಹೋವನು ನನಗೆ ಕುರುಬನು, ಕೊರತೆಪಡೆನು." ಕೊರತೆ ಎಂಬ ಪದವನ್ನು ನಾನು ಏಳು ವರ್ಷ ಆಯವ್ಯಯದ ಪಟ್ಟಿಯ ಕೆಳಗೆ ಬರೆಯುತ್ತ ಬಂದಿದ್ದೆ. ಬಾಲ್ಯದಿಂದ ಕಂಠಪಾಠವಾಗಿದ್ದ ಆ ವಾಕ್ಯದಲ್ಲಿ ಅದೇ ಪದವಿದೆಯೆಂಬುದು ಆ ತಾಯಿಯ ಬಾಯಿಂದ ಕೇಳುವವರೆಗೆ ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

ಹೆಚ್ಚು ಕಾಲ ಉಳಿದ ಅನುಭವವಾದದ್ದು ಬ್ರಹ್ಮಾವರದ ಸಂತ ಮರಿಯಮ್ಮನವರ ಆರ್ಥೊಡಾಕ್ಸ್ ಸಿರಿಯನ್ ದೇವಾಲಯದಲ್ಲಿ. ಬಿಷಪ್ ಅಲ್ವಾರಿಸ್ ಮಾರ್ ಜೂಲಿಯಸ್ ಮತ್ತು ಫಾದರ್ ಆರ್. ಝಡ್. ನೊರೊನ್ಹಾ ಅವರ ಹಾದಿ ಹಿಡಿದು ರೋಮಿನ ಕಥೋಲಿಕ ಆಡಳಿತದಿಂದ ಹೊರಬಂದ ಕೊಂಕಣಿ ಕುಟುಂಬಗಳು ಕಟ್ಟಿಕೊಂಡ ಸಭೆ ಅದು. ಸಿರಿಯನ್ ಪರಂಪರೆಯ ಆರಾಧನೆ ಅಲ್ಲಿ ಕೊಂಕಣಿಯಲ್ಲಿ ನಡೆಯುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಪ್ರೊಟೆಸ್ಟಂಟ್ ಬಾಸೆಲ್ ಮಿಷನ್ನಿನ ಬಿಳಿ ಗೋಡೆಗಳ ನಡುವೆ ಬೆಳೆದ ನನಗೆ, ಧೂಪದ ಹೊಗೆ, ಧೂಪಾರತಿಯ ಸರಪಣಿಯ ಗೆಜ್ಜೆಗಳು, ಬಲಿಪೀಠದ ಮುಂದೆ ಸರಿದು ಮುಚ್ಚುವ ಪರದೆ, ಬಹುಪಾಲು ನಿಂತೇ ಮಾಡುವ ಪ್ರಾರ್ಥನೆ ಎಲ್ಲವೂ ಅಪರಿಚಿತ. ಮುಂದೇನೆಂದು ತಿಳಿಯದ ಕಾರಣ ಮನಸ್ಸು ಅತ್ತಿತ್ತ ಹೋಗಲು ಎಡೆಯೇ ಇರಲಿಲ್ಲ. ಒಂದು ಹಂತದಲ್ಲಿ ಗುರುಗಳ ಕೈಯಿಂದ ಸಮಾಧಾನವನ್ನು, ಅಂದರೆ ಕೈ ಮುಟ್ಟಿ ನೀಡುವ ಶಾಂತಿಯ ವಂದನೆಯನ್ನು, ಪಡೆದವರು ಅದನ್ನು ಬೆಂಚಿನಿಂದ ಬೆಂಚಿಗೆ ದಾಟಿಸುತ್ತ ಬಂದರು. ಪಕ್ಕದಲ್ಲಿ ನಿಂತಿದ್ದ ಹಿರಿಯರು ನನ್ನ ತಬ್ಬಿಬ್ಬನ್ನು ಕಂಡು, "ಕೈ ಜೋಡಿಸಿ ಹಿಡೀರಿ ಮಾರಾಯ್ರೆ" ಎಂದು ಮೆಲ್ಲನೆ ಕನ್ನಡದಲ್ಲಿ ಹೇಳಿದರು. ಅವರ ಒರಟು ಅಂಗೈಗಳು ನನ್ನ ಜೋಡಿಸಿದ ಕೈಗಳನ್ನು ಎರಡೂ ಬದಿಯಿಂದ ತುದಿಯವರೆಗೆ ಸವರಿ ಹೋದವು. ಆಮೇಲೆ ಅವರು ತಮ್ಮ ಕೈಗಳನ್ನು ಮುಖಕ್ಕೆ ಒತ್ತಿಕೊಂಡರು. ನಾನೂ ಹಾಗೆಯೇ ಮಾಡಿದೆ. ಬಹಳ ದಿನಗಳ ಮೇಲೆ ಮೊದಲ ಬಾರಿಗೆ, ಒಂದು ಮಾತೂ ಇಲ್ಲದೆ, ಪ್ರಾರ್ಥಿಸಿದೆ.

ಇಷ್ಟಾಗಿಯೂ ಆ ಪದ್ಧತಿ ನನಗೆ ಪರಕೀಯವೆಂದೇ ಭಾವಿಸಿದ್ದೆ. ಮನೆಗೆ ಬಂದು ಸಭಾಪಾಲಕರಿಗೆ ವಿವರಿಸಿದಾಗ, 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡ ಬಳಿಕ 1950ರಲ್ಲಿ ಸಿದ್ಧವಾದ ನಮ್ಮ ಭೋಜನ ಸಂಸ್ಕಾರದ ಕ್ರಮಕ್ಕೆ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ವಿಧಿ ಬಂದದ್ದು ಇದೇ ಸಿರಿಯನ್ ಪರಂಪರೆಯಿಂದಲೇ ಎಂದು ಅವರು ಹೇಳಿದರು. ನಾನು ಏಳು ವರ್ಷವೂ ಅದನ್ನು ಮಾಡಿದ್ದೆ, ಬೆರಳ ತುದಿಯಿಂದ, ಬೇರೆಲ್ಲೋ ನೋಡುತ್ತ.

ಮಾರ್ಚ್ ಕೊನೆಗೆ ಲೆಕ್ಕದ ಪುಸ್ತಕಗಳನ್ನು ಒಪ್ಪಿಸಿಬಿಟ್ಟೆ. ಮುಂದಿನ ಭೋಜನ ಸಂಸ್ಕಾರದ ಭಾನುವಾರ ಸಮಾಧಾನ ಸಾಲಿನಿಂದ ಸಾಲಿಗೆ ಬರುತ್ತ ನನ್ನವರೆಗೆ ತಲುಪಿದಾಗ, ಕೈ ಚಾಚಿದ್ದವರು ಛಾವಣಿಯ ಬಿಲ್ಲಿನ ವಿಷಯದಲ್ಲಿ ನನ್ನೊಡನೆ ಮಾತು ಬಿಟ್ಟಿದ್ದ ಕಮಿಟಿಯ ಸದಸ್ಯರು. ನಾನು ಎರಡೂ ಕೈ ಜೋಡಿಸಿ, ಅವರ ಮುಖ ನೋಡುತ್ತ ಅದನ್ನು ಪಡೆದು, ಎಡಕ್ಕೆ ತಿರುಗಿ ಮುಂದಿನವರಿಗೆ ಕೊಟ್ಟೆ.