ಅಡ್ಡಹೆಸರು ಮೊದಲು, ಹೆಸರು ಆಮೇಲೆ: ನನ್ನ ಅನುಭವ

ಮಗಳು ಈಗ ಎರಡನೇ ಕ್ಲಾಸು. ಶಾಲೆಯಲ್ಲಿ ಅವಳನ್ನು ಏನಂತ ಕಾಡಿಸುತ್ತಾರೆ ಅಂತ ಅವಳಿಗೆ ವರ್ಷ ತುಂಬುವ ಮೊದಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಅಕ್ಷರ ಸಮೇತ ಹಾಗೇ ಆಗಿದೆ. ಆಗ ಮಗುವಿಗೆ ಹೆಸರಿಡುವ ನನ್ನ ಪದ್ಧತಿ ನೋಡಿ ನಕ್ಕವರು ಈಗ ಫೋನ್ ಮಾಡಿ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ನಕ್ಷತ್ರ, ಪಾದ, ಹೆಸರಿನ ಪುಸ್ತಕ, ಆ್ಯಪು ಎಲ್ಲ ನೀವೂ ನೋಡಿರುತ್ತೀರಿ. ನಮ್ಮದು ಉತ್ತರಾ ನಕ್ಷತ್ರ. ನಾಲ್ಕು ಪಾದಕ್ಕೆ ಹೆಸರಿನ ಮೊದಲ ಅಕ್ಷರ ಟೆ, ಟೋ, ಪ, ಪಿ. ಪುಣ್ಯಕ್ಕೆ ಮೂರನೇ ಪಾದ ಬಿತ್ತು. ಸ್ವಲ್ಪ ಮೊದಲೇ ಹುಟ್ಟಿದ್ದರೆ ಟೋ. ಟೋ ಇಟ್ಟುಕೊಂಡು ಟೊಮೆಟೊ ಬಿಟ್ಟು ಇನ್ನೇನು ಹುಡುಕುತ್ತೀರಿ?

ನಮ್ಮ ಕಷ್ಟ ಇದ್ದದ್ದು ಮನೆತನದ ಹೆಸರಿನಲ್ಲಿ. ಉಳ್ಳಾಗಡ್ಡಿ, ಅಂದರೆ ಈರುಳ್ಳಿ. ಧಾರವಾಡದ ಕಡೆ ಇದಕ್ಕೆ ಯಾರೂ ನಗುವುದಿಲ್ಲ. ಮೆಣಸಿನಕಾಯಿ, ಬೆಲ್ಲದ, ಅಕ್ಕಿ ಎಲ್ಲ ಇಲ್ಲಿ ಮನೆತನಗಳೇ. ಆದರೆ ನಾದಿನಿ ಖುಷಿಯಿಂದ "ವೈನಿ, ಪಲ್ಲವಿ ಅಂತ ಇಡೋಣು" ಅಂದಾಗ ನನ್ನ ಕಿವಿಗೆ ಬಿದ್ದದ್ದು ಉಳ್ಳಾಗಡ್ಡಿ ಪಲ್ಯ.

ನಾನು ಇಷ್ಟು ಹೆದರಲು ಕಾರಣ ಅಣ್ಣನ ಮಗಳು. ಅವಳಿಗೆ ಸಂಖ್ಯಾಶಾಸ್ತ್ರದವರೊಬ್ಬರ ಹತ್ತಿರ ಕೇಳಿ ಮೇಧಾ ಅಂತ ಇಟ್ಟಿದ್ದರು. ಅವರ ಫೀಸು ಎರಡೂವರೆ ಸಾವಿರದ ಹತ್ತಿರ ಇತ್ತು. ಯುಕೆಜಿ ಮುಗಿಯುವಷ್ಟರಲ್ಲಿ ಅವಳು ಮೈದಾ ಆದಳು. ಮಗು ದಿನಾ ಅಳುತ್ತಾ ಬರುತ್ತಿತ್ತು. ಕೊನೆಗೆ ಅಣ್ಣ ಹೆಸರನ್ನೇ ಬದಲಾಯಿಸಿದ. ಅಫಿಡವಿಟ್ಟು, ಪೇಪರಿನಲ್ಲಿ ಜಾಹೀರಾತು, ಓಡಾಟ, ಎಲ್ಲ ಸೇರಿ ಐದಾರು ಸಾವಿರ ಹೋಯಿತು. ಹಾಜರಿ ಪುಸ್ತಕದಲ್ಲಿ ಸಿಂಚನಾ ಬಂತು. ಕರೆಯುವವರು ಮಾತ್ರ ಈಗಲೂ ಮೈದಾ ಅಂತಲೇ ಕರೆಯುತ್ತಾರೆ! ಒಂದು ಸಲ ಅಂಟಿದ ಅಡ್ಡಹೆಸರು ಹೆಸರಿನ ಜೊತೆ ಹೋಗುವುದಿಲ್ಲ, ಮಗುವಿನ ಜೊತೆ ಉಳಿಯುತ್ತದೆ. ಆವತ್ತೇ ನಿರ್ಧಾರ ಮಾಡಿದೆ. ನನ್ನ ಮಗಳಿಗೆ ಮೊದಲು ಅಡ್ಡಹೆಸರು, ಆಮೇಲೆ ಹೆಸರು.

ಇದಕ್ಕೆ ಸಮಯ ಬೇಕು. ಸಮಯ ಕಾನೂನಿನಲ್ಲೇ ಇದೆ, ಜಾಸ್ತಿ ಜನ ಬಳಸಿಕೊಳ್ಳುವುದಿಲ್ಲ ಅಷ್ಟೆ. ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಮಾಡಿಸಬೇಕು, ಸರಿ. ಆದರೆ ಮಗುವಿನ ಹೆಸರಿನ ಜಾಗ ಖಾಲಿ ಬಿಡಬಹುದು. 12 ತಿಂಗಳೊಳಗೆ ಹೋಗಿ ಸೇರಿಸಿದರೆ ಶುಲ್ಕ ಇಲ್ಲ. ಅದಾದ ಮೇಲೂ 15 ವರ್ಷದವರೆಗೆ ಅವಕಾಶ ಇದೆ, ತಡವಾದ ಶುಲ್ಕ ಕಟ್ಟಬೇಕು. ಆಸ್ಪತ್ರೆಯಲ್ಲಿ "ಹೆಸರು ಹೇಳಿ ಮೇಡಂ, ಈಗಲೇ ಹಾಕಿಬಿಡ್ತೀವಿ" ಅಂದರೆ ಬಾಯಿ ಬಿಡಬೇಡಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಯಿಂದ ಪಾಸ್‌ಪೋರ್ಟ್‌ವರೆಗೆ ಜನ್ಮದಿನಾಂಕಕ್ಕೆ ಈ ಪ್ರಮಾಣಪತ್ರವೇ ಆಧಾರ. ಅದರಲ್ಲಿ ಗಡಿಬಿಡಿಯಲ್ಲಿ ಹೆಸರು ಬರೆಸುವುದು ಬೇಡವೇ ಬೇಡ.

ತೊಟ್ಟಿಲಿಗೆ ಏನು ಮಾಡಿದಿರಿ ಅಂತ ಕೇಳುತ್ತೀರಿ. ಮಾವನವರ ತಾಯಿಯ ಹೆಸರು ಪಾರ್ವತವ್ವ. ಹಿರಿಯರ ಹೆಸರು, ಅಕ್ಷರವೂ ಕೂಡಿತು. ನಾದಿನಿ ಕೂಸಿನ ಕಿವಿಯಲ್ಲಿ ಕುರ್ರ್ ಅಂದು ಪಾರ್ವತಿ ಅಂದಳು, ಎಲ್ಲರೂ ಅವಳ ಬೆನ್ನಿಗೆ ಗುದ್ದಿದರು, ಎಲ್ಲ ಶಾಸ್ತ್ರ ಮುಗಿಯಿತು. ಆದರೆ ಅದನ್ನೇ ದಾಖಲೆಗೆ ಇಡುವಂತಿರಲಿಲ್ಲ. ನಮ್ಮ ಅತ್ತಿಯವರು ತಮ್ಮ ಅತ್ತಿಯ ಹೆಸರು ಹೇಳುವುದಿಲ್ಲ. ಹೇಳಿದರೂ ಆ ಹೆಸರು ಹಿಡಿದು ಮಗುವನ್ನು ಬೈಯುವಂತಿಲ್ಲ. ಬೈಯದೆ ಮಗು ಸಾಕಲಿಕ್ಕೆ ಆಗುತ್ತದಾ?

ಇನ್ನು ಮುಖ್ಯ ಕೆಲಸ. ನಾನು ಮನೆಯಲ್ಲಿ ಟ್ಯೂಷನ್ ಹೇಳುತ್ತೇನೆ. ನಾಲ್ಕರಿಂದ ಆರನೇ ಕ್ಲಾಸಿನ ಹುಡುಗ ಹುಡುಗಿಯರು, ಹತ್ತು ಹನ್ನೆರಡು ಜನ. ಬಾಣಂತನ ಮುಗಿಸಿ ಮತ್ತೆ ಶುರು ಮಾಡಿದಾಗ ಶನಿವಾರಕ್ಕೊಂದು ಹೆಸರು ಬೋರ್ಡ್ ಮೇಲೆ ಬರೆದು, "ಸೋಮವಾರದಿಂದ ಈ ಹುಡುಗಿ ಬರ್ತಾಳ" ಅಂತ ಹೇಳಿ ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಕೂಸಿಗೆ ಅಂತ ಮಾತ್ರ ಹೇಳಬಾರದು. ಒಂದು ಸಲ ಹೇಳಿ ನೋಡಿದೆ, ಎಲ್ಲರೂ "ಛಲೋ ಐತ್ರಿ ಟೀಚರ್" ಅಂದರು. ಆ ಶನಿವಾರ ದಂಡ.

ಪ್ರಣತಿ ಅಂತ ಬರೆದ ದಿನ ಚೆನ್ನಾಗಿ ನೆನಪಿದೆ. ನಮ್ಮವರಿಗೆ ತುಂಬಾ ಇಷ್ಟದ ಹೆಸರು. ನಾನು ಹಾಲಿನ ಪಾತ್ರೆ ಒಲೆ ಮೇಲೆ ಇಟ್ಟಿದ್ದೆ ಅಷ್ಟೆ. ಹಿಂದಿನ ಸಾಲಿನಿಂದ ಒಬ್ಬ ಮೆಲ್ಲಗೆ "ಪ್ರಾಣಿ" ಅಂದ. ಎರಡು ಕ್ಷಣ ಸುಮ್ಮನಿದ್ದು ಇಡೀ ಕೋಣೆ ಹೋ ಅಂತ ನಕ್ಕಿತು. ಹಾಲು ಉಕ್ಕುವ ಮೊದಲೇ ಪ್ರಣತಿ ಕಥೆ ಮುಗಿಯಿತು. ಪಾವನಿ ಪಾವ್‌ಬಾಜಿ ಆದಳು. ಪಲ್ಲವಿಗೆ ಪಲ್ಯ ಬರುತ್ತದೆ ಅಂತ ನನಗೆ ಗೊತ್ತಿತ್ತು, ಹಲ್ಲಿಯೂ ಬಂತು.

ಹೀಗೆ ನೋಡುತ್ತಾ ಒಂದು ಲೆಕ್ಕ ಸಿಕ್ಕಿತು. ಒಂದೇ ಒಂದು ಅಕ್ಷರ ತಿರುಚಿದರೆ ಸಿಗುವ ಅಡ್ಡಹೆಸರು ಗಟ್ಟಿ ಅಂಟುತ್ತದೆ, ಅದೂ ತಿನ್ನುವ ವಸ್ತು ಆದರೆ ಬಿಡುವುದೇ ಇಲ್ಲ. ದಿನಾ ಡಬ್ಬಿ ತೆರೆದಾಗ ನೆನಪಾಗುತ್ತದಲ್ಲ. ಹಕ್ಕಿ, ಹೂವು ಆದರೆ ಮಕ್ಕಳಿಗೇ ಬೇಜಾರಾಗಿ ಬಿಟ್ಟುಬಿಡುತ್ತಾರೆ.

ಮನೆಯೊಳಗಿನ ಅಡ್ಡಹೆಸರಿನ ಲೆಕ್ಕ ಬೇರೆ. ಮುದ್ದು ಬಂದರೆ ಕೊನೆಗೆ ಉ, ಸಿಟ್ಟು ಬಂದರೆ ಇ. ಪದ್ದು, ಪದ್ದಿ. ಶಾರು, ಶಾರಿ. ಕಮಲು, ಕಮಲಿ. ಹಾಗಾಗಿ ಎರಡನ್ನೂ ಮೊದಲೇ ಬಾಯಲ್ಲಿ ಆಡಿಸಿ ನೋಡಬೇಕು. ಇದರ ನಡುವೆ ನನಗೆ ಇನ್ನೊಂದು ಹುಚ್ಚು ಹತ್ತಿತು, ಟೆರೇಸಿನಿಂದ ಕೂಗಿ ನೋಡುವುದು. ಮೂಲೆಮನೆಯ ಅಂಗಡಿಯವರೆಗೆ ಕೇಳಬೇಕು. ಮೊದಲ ಅಕ್ಷರಕ್ಕೆ ದೀರ್ಘ ಇದ್ದರೆ ದನಿ ದೂರ ಹೋಗುತ್ತದೆ. ಓಣಿಯವರು ಕೆಲವು ದಿನ ನನಗೆ ತಲೆ ಕೆಟ್ಟಿದೆ ಅಂದುಕೊಂಡಿದ್ದರು. ನಮ್ಮವರಂತೂ ಮನೆಯೊಳಗೆ ಕೂತು ಟಿವಿ ವಾಲ್ಯೂಮ್ ಜಾಸ್ತಿ ಮಾಡುತ್ತಿದ್ದರು.

ಇಷ್ಟೆಲ್ಲ ಸೋಸಿದ ಮೇಲೆ ಉಳಿದದ್ದು ಪಾರು. ಸಿಟ್ಟಿಗೆ ಪಾರಿ, ನಡೆಯುತ್ತದೆ. ತೊಟ್ಟಿಲಲ್ಲಿ ಇಟ್ಟ ಪಾರ್ವತಿಗೂ ಹೊಂದುತ್ತದೆ. ಇದಕ್ಕೆ ಹೊಂದುವ ದಾಖಲೆಯ ಹೆಸರು ಹುಡುಕುವುದು ಸುಲಭ, ಪಾರಿಜಾತ. ಮಾವನವರು ಮುಖ ಗಂಟಿಕ್ಕಿದರು. ನಮ್ಮ ಕಡೆ ಪಾರಿಜಾತ ಅಂದರೆ ಮೊದಲು ನೆನಪಾಗುವುದು ರಾತ್ರಿಯಿಡೀ ನಡೆಯುವ ಶ್ರೀಕೃಷ್ಣ ಪಾರಿಜಾತದ ಆಟ. "ಆಟದ ಹೆಸರು ಕೂಸಿಗೆ ಇಡ್ತೀರೇನ?" ಅಂದರು. ಅತ್ತಿಯವರು, "ಹೆಸರು ಹುಡುಗರ ಕಡೆ ಕೇಳ್ತಾರೇನವಾ ಹುಚ್ಚಿ" ಅಂದರು. ಇಬ್ಬರನ್ನೂ ಒಂದೇ ಸಂಜೆಯಲ್ಲಿ ಒಪ್ಪಿಸಿದೆ. ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ, ಅವರೂ ಮೊಬೈಲ್ ನೋಡುತ್ತಾರೆ.

ಬೋರ್ಡ್ ಮೇಲೆ ಪಾರಿಜಾತ ಬರೆದಾಗ ಹುಡುಗರಿಗೆ ಬಹಳ ಹೊತ್ತು ಏನೂ ಹೊಳೆಯಲಿಲ್ಲ. ಕೊನೆಗೆ ಬಂದದ್ದು ಪಾರಿವಾಳ. ನೋಟ್‌ಬುಕ್ಕಿನಲ್ಲಿ ಬರೆದು ಅಡಿಗೆರೆ ಹಾಕಿದೆ. ಹಕ್ಕಿ, ಎರಡು ಅಕ್ಷರ ಬದಲಾಗಬೇಕು, ಸಾಕು. ಎರಡನೇ ಸುತ್ತಿನಲ್ಲಿ ನಾನು ಅವರಿಗೆ ಒಂದು ಪ್ರಶ್ನೆ ಕೇಳುತ್ತೇನೆ, ಅದರಿಂದ ಇನ್ನೂ ಕೆಟ್ಟವು ಹೊರಬರುತ್ತವೆ. ಆ ಪ್ರಶ್ನೆ ನನ್ನ ಹತ್ತಿರವೇ ಇರಲಿ. ಅದಕ್ಕೂ ಪಾರಿಜಾತ ಜಗ್ಗಲಿಲ್ಲ. ಮನೆತನದ ಹೆಸರು ಸೇರಿಸಿ ಓದಿಸಿದೆ, ಉಳ್ಳಾಗಡ್ಡಿಯ ಜೊತೆ ಯಾವ ಅಡುಗೆಯೂ ಆಗಲಿಲ್ಲ.

ಒಟ್ಟು ಖರ್ಚು? ಶನಿವಾರ ಹುಡುಗರಿಗೆ ಕೊಟ್ಟ ಶೇಂಗಾ ಚಿಕ್ಕಿಗೆ ಮುನ್ನೂರು ರೂಪಾಯಿ ಆಗಿರಬೇಕು. ವರ್ಷದೊಳಗೆ ಹೋದದ್ದರಿಂದ ಹೆಸರು ಸೇರಿಸಲು ಶುಲ್ಕ ಇರಲಿಲ್ಲ, ಪ್ರತಿಗಳಿಗೆ ಸ್ವಲ್ಪ ಚಿಲ್ಲರೆ. ನೋಂದಣಿ ಕಚೇರಿಗೆ ಹೋದಾಗ ಇಂಗ್ಲಿಷ್ ಸ್ಪೆಲ್ಲಿಂಗ್ ಬರೆದ ಚೀಟಿ ಕೈಯಲ್ಲಿರಲಿ. ತ ಅಕ್ಷರಕ್ಕೆ ಟಿ ಎಚ್ ಹಾಕಬೇಕೋ ಬರೀ ಟಿ ಸಾಕೋ ಅಂತ ಕಿಟಕಿಯ ಮುಂದೆ ನಿಂತು ಗಂಡ ಹೆಂಡತಿ ಜಗಳ ಆಡುವುದನ್ನು ನಾನೇ ನೋಡಿದ್ದೇನೆ.

ಕಳೆದ ಜೂನ್‌ನಲ್ಲಿ ಮಗಳು ಬಂದು ಹೇಳಿದಳು, ಕ್ಲಾಸಿನಲ್ಲಿ ಒಬ್ಬ ಪಾರಿವಾಳ ಅಂತಾನೆ ಅಂತ. "ನೀ ಏನಂದಿ?" ಅಂದೆ. ತಲೆ ಮೇಲೆ ಹಿಕ್ಕೆ ಹಾಕ್ತೀನಿ ಅಂದಳಂತೆ. ದೀಪಾವಳಿ ಹೊತ್ತಿಗೆ ಅವನು ಬಿಟ್ಟುಬಿಟ್ಟ.

ಈಗ ನಾದಿನಿಗೆ ಏಳನೇ ತಿಂಗಳು. ಆಗ ನಕ್ಕವರಲ್ಲಿ ಅವಳೇ ಮುಂದಿದ್ದಳು, ಈಗ ಶನಿವಾರ ಖಾಲಿ ಇಡಿ ವೈನಿ ಅನ್ನುತ್ತಾಳೆ. ಹಳೆಯ ಹುಡುಗರು ಹೈಸ್ಕೂಲ್, ಕಾಲೇಜು ಸೇರಿ ಮರ್ಯಾದಸ್ಥರಾಗಿದ್ದಾರೆ, ಅವರಿಂದ ಉಪಯೋಗ ಇಲ್ಲ. ನಾಲ್ಕನೇ ಕ್ಲಾಸಿನ ಹೊಸ ಬ್ಯಾಚಿನಲ್ಲಿ ಇಬ್ಬರು ಒಳ್ಳೇ ಕಿಡಿಗೇಡಿಗಳು ಸಿಕ್ಕಿದ್ದಾರೆ. ಚಿಕ್ಕಿ ಖರ್ಚು ಈ ಸಲ ಅವಳದು.